ಹುಡುಗಿಯರು ದವಾಖಾನೆಗೆ ಯಾಕೆ ಬರುವುದಿಲ್ಲ?

(ಕೊಡ್ಲಿಯಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಹುಂಡಾ ಮತ್ತು ಮನೆಯೊಳಗಿನ ಹೊಡೆತ-ಬಡಿತದ ಬಗ್ಗೆ ಮಾತಾಡಲು ಕೂಡಿದ ಸಭೆ ಇದು. ಇಲ್ಲಿ ದವಾಖಾನೆಯ ಮಾತು ಯಾಕೆ ಎಂದು ಬೆಳಿಗ್ಗೆ ಚಹಾ ಕುಡಿಯುವಾಗಲೇ ಒಬ್ಬ ಅಕ್ಕ ಕೇಳಿದರು. ನಾನು ಆಗ ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ. ಆದರೆ ಅದಕ್ಕೆ ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಬೇಕು.

ನಾನು ಮೂವತ್ತು ವರ್ಷಕ್ಕೆ ಮಿಕ್ಕಿ ನರ್ಸಮ್ಮನ ಕೆಲಸ ಮಾಡಿದವಳು. 2004ರ ಕೊನೆ, ತೊಗರಿ ರಾಶಿಯ ದಿನಗಳು. ದವಾಖಾನೆಯಲ್ಲಿ ಒಂದೇ ಕೋಣೆ, ಎರಡು ಟೇಬಲ್ಲು. ಒಂದರ ಹಿಂದೆ ಡಾಕ್ಟರು, ಇನ್ನೊಂದರ ಹಿಂದೆ ಚೀಟಿ ಬರೆಯುತ್ತ ನಾನು. ಸಾಲಿನಲ್ಲಿ ಹದಿನಾರರ ಒಂದು ಹುಡುಗಿ. ಅವಳ ಸರದಿ ಬಂತು. ಟೇಬಲ್ಲಿನ ಮೇಲೆ ಬಾಗಿ, ನನ್ನ ಕಿವಿಗೆ ಮಾತ್ರ ಕೇಳುವ ಹಾಗೆ, "ಬಿಳಿ ಹೋಗ್ತದ್ರಿ. ಉರಿ ಭಾಳ ಅದ" ಅಂದಳು. ನಾನು ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. ಗಟ್ಟಿಯಾಗಿಯೇ ಕೇಳಿದೆ: "ಲಗ್ನ ಆಗ್ಯಾದೇನ್ ನಿಂದು?"

ಹಿಂದೆ ಹತ್ತು-ಹನ್ನೆರಡು ಜನ ನಿಂತಿದ್ದರು. ಅವರಲ್ಲಿ ಅವಳ ಓಣಿಯ ಹೆಂಗಸೂ ಒಬ್ಬಳಿದ್ದಳು. ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. "ಇಲ್ರಿ... ಏನಿಲ್ರಿ, ತಲಿ ನೋಯ್ತಿತ್ತು" ಅಂದಳು. ನಾನು ತಲೆನೋವಿನ ನಾಲ್ಕು ಗುಳಿಗೆ ಕೊಟ್ಟೆ. ಅವಳು ಹೋದಳು. ಸಾಲು ಮುಂದೆ ಸರಿಯಿತು. ನನಗೆ ಏನೂ ಅನಿಸಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಆ ಪ್ರಶ್ನೆಯನ್ನು ದಿನಕ್ಕೆ ಇಪ್ಪತ್ತು ಸಲ ಕೇಳುತ್ತಿದ್ದೆ.

ಆ ಹುಡುಗಿ ಈಗ ಮೂವತ್ತೇಳು ದಾಟಿದ ಹೆಂಗಸು. ಈ ಸೀಮೆಯದೇ ಒಂದು ಸಂಘದಲ್ಲಿದ್ದಾಳೆ. ಹೆಸರು, ಊರು ಹೇಳುವುದಿಲ್ಲ. ಆದರೆ ಈ ಮಾತನ್ನು ಸಭೆಯಲ್ಲಿ ಹೇಳು ಎಂದವಳು ಅವಳೇ. ಅವತ್ತು ಸಂಜೆ ಏನಾಯಿತು ಎಂಬುದು ನನಗೆ ಎಷ್ಟೋ ವರ್ಷಗಳ ನಂತರ ಅವಳ ಬಾಯಿಂದಲೇ ತಿಳಿಯಿತು. "ನಮ್ಮವ್ವ ನನಗ ಹೊಡದಳ್ರಿ. ದವಾಖಾನಿಗಿ ಯಾಕ ಹೋಗಿದ್ದಿ ಅಂತ ಅಲ್ಲ. ಮಂದಿ ಮುಂದ ಯಾಕ ಬಾಯಿ ಬಿಟ್ಟಿ ಅಂತ."

ಆ ತಾಯಿಯನ್ನು ಬೈಯುವುದು ಸುಲಭ. ಆದರೆ ಆಕೆಯ ಲೆಕ್ಕ ಕೇಳಿ. ಹುಡುಗಿಯ ಸಂಬಂಧ ಆಗಲೇ ಮಾತಿನಲ್ಲಿತ್ತು. ಎರಡು ತೊಲೆ ಬಂಗಾರ, ಮೇಲೊಂದಿಷ್ಟು ರೊಕ್ಕ. ಓಣಿಯ ಹೆಂಗಸಿನ ಬಾಯಿಂದ ಮಾತು ಹೊರಟು ಗಂಡಿನ ಮನೆ ಮುಟ್ಟಲು ಎಂಟು ದಿನ ಬೇಕಾಗಲಿಲ್ಲ. "ಹುಡುಗಿಗಿ ಒಳಗಿನ ಬ್ಯಾನಿ ಅದಂತ." ಹುಂಡಾ ಎರಡು ತೊಲೆಯಿಂದ ಮೂರಕ್ಕೆ ಏರಿತು. ಆ ಒಂದು ತೊಲೆಗಾಗಿ ಅಪ್ಪ ಸಾಲ ಮಾಡಿ, ಅದನ್ನು ತೀರಿಸಲು ಎರಡು ವರ್ಷ ಪುಣೆಗೆ ಗುಳೆ ಹೋದ.

ಬೆಳಿಗ್ಗೆ ಕೇಳಿದ ಅಕ್ಕ, ನಿಮಗೆ ಉತ್ತರ ಸಿಕ್ಕಿತೆಂದು ತಿಳಿಯುತ್ತೇನೆ. ನಮ್ಮಲ್ಲಿ ಮದುವೆಯಾಗದ ಹುಡುಗಿಯ ಮೈ ಅಂದರೆ ಮಾರಾಟಕ್ಕಿಟ್ಟ ಎತ್ತಿನ ಮೈಯಿದ್ದ ಹಾಗೆ. ಎತ್ತಿಗಾದರೆ ಮಾರುವವನಿಗೆ ರೊಕ್ಕ ಬರುತ್ತದೆ, ಇಲ್ಲಿ ಕೊಡುವವರೇ ರೊಕ್ಕ ಎಣಿಸಬೇಕು. ಸುಳಿ ನೋಡುತ್ತಾರೆ, ಹಲ್ಲು ನೋಡುತ್ತಾರೆ, ಒಂದು ಕುಂದು ಸಿಕ್ಕರೆ ಬೆಲೆ ಹೆಚ್ಚಿಸುತ್ತಾರೆ. ಮುಟ್ಟು ಎರಡು ತಿಂಗಳು ತಪ್ಪಿದರೆ "ಮಕ್ಕಳಾಗೋದಿಲ್ಲ". ಹೊಟ್ಟೆ ನೋವೆಂದು ಎರಡು ಸಲ ದವಾಖಾನೆಗೆ ಹೋದರೆ "ಏನೋ ಮಾಡ್ಕೊಂಡಾಳ". ಆದ್ದರಿಂದ ತಾಯಂದಿರು ಮುಚ್ಚಿಡುತ್ತಾರೆ. ಲಗ್ನ ಆದರೆ ಎಲ್ಲ ಸರಿಹೋಗುತ್ತದೆ ಎಂಬುದೇ ಅವರ ಔಷಧಿ.

ಹಾಗಾದರೆ ಲಗ್ನವಾದ ಹುಡುಗಿ ಬರುತ್ತಾಳೋ? ಅವಳೂ ಬರುವುದಿಲ್ಲ. ಅವಳ ಕಾರಣ ಬೇರೆ.

ನಮ್ಮ ಈ ಹುಡುಗಿಯ ಲಗ್ನ 2005ರಲ್ಲಿ ಆಯಿತು. ಹದಿನೇಳು ತುಂಬಿರಲಿಲ್ಲ. ಮರುವರ್ಷ ಬಸುರಿಯಾಗಿ ಅತ್ತೆಯ ಹಿಂದೆ ಬಂದು ನನ್ನ ಮುಂದೆ ನಿಂತಳು. ಮುಖ ಬಿಳಿಚಿಕೊಂಡಿತ್ತು, ಕಣ್ಣಿನ ಕೆಳಗಿನ ರೆಪ್ಪೆ ಬಿಡಿಸಿ ನೋಡಿದರೆ ಕೆಂಪಿನ ಸುಳಿವಿಲ್ಲ. ನಾನು ವಯಸ್ಸು ಕೇಳಿದೆ. ಅತ್ತೆ ಉತ್ತರ ಕೊಟ್ಟಳು: "ಹತ್ತೊಂಬತ್ತು ಬರೀರಿ." ಆಗ ಜನನಿ ಸುರಕ್ಷಾ ಯೋಜನೆ ಬಂದು ಒಂದು ವರ್ಷವಾಗಿತ್ತು. ನಮ್ಮಂಥ ರಾಜ್ಯಗಳಲ್ಲಿ ಹೆರಿಗೆಯ ಹಣ ಸಿಗಬೇಕಾದರೆ ಹತ್ತೊಂಬತ್ತು ತುಂಬಿರಬೇಕೆಂಬ ಷರತ್ತಿತ್ತು. 2013ರಲ್ಲಿ ಆ ಷರತ್ತು ತೆಗೆದರು. ಹದಿನೆಂಟರೊಳಗೆ ಲಗ್ನ ಮಾಡಿದ್ದು ಅಪರಾಧ, ಅದೂ ಮುಚ್ಚಬೇಕಿತ್ತು. ನಾನು ಹತ್ತೊಂಬತ್ತು ಬರೆದೆ. ಬರೆದ ಕೈ ನನ್ನದೇ. ಉಪಕಾರ ಮಾಡಿದೆನೆಂದೇ ತಿಳಿದಿದ್ದೆ. ಆದರೆ ಹದಿನೇಳರ ಬಸುರಿಯನ್ನು ನೋಡುವ ಕಣ್ಣೇ ಬೇರೆ ಇರಬೇಕು. ಅವಳ ಎಲುಬಿನ ಗೂಡು ಇನ್ನೂ ಬೆಳೆಯುತ್ತಿರಬಹುದು, ರಕ್ತ ಮೊದಲೇ ಕಡಿಮೆ. ಹೆರಿಗೆ ಎಲ್ಲಿ ಆಗಬೇಕು, ಎಷ್ಟು ಸಲ ತಪಾಸಣೆ ಬೇಕು ಎಂಬುದೆಲ್ಲ ಬದಲಾಗುತ್ತದೆ. ಕಾರ್ಡಿನಲ್ಲಿ ಹತ್ತೊಂಬತ್ತು ಎಂದು ಬರೆದ ಮೇಲೆ ಅವಳನ್ನು ಎಲ್ಲರೂ ಹತ್ತೊಂಬತ್ತರವಳಂತೆಯೇ ನೋಡಿದರು.

ಹಳೆಯ ಬೇನೆಯ ಬಗ್ಗೆ ಅವತ್ತೂ ಅವಳು ಹೇಳಲಿಲ್ಲ. ಅತ್ತೆ ಪಕ್ಕದಲ್ಲಿದ್ದಳಲ್ಲ. ಏಳೂವರೆ ತಿಂಗಳಿಗೆ ಹೆರಿಗೆಯಾಯಿತು. ಕೂಸು ಎರಡು ದಿನ ಬದುಕಿತು. ಇಂಥದೇ ಕಾರಣ ಎಂದು ನಾನು ಹೇಳಲಾರೆ. ವಯಸ್ಸು ಸಣ್ಣದು, ರಕ್ತ ಇಲ್ಲ, ಒಳಗೆ ವಾಸಿಯಾಗದ ಸೋಂಕು, ಮೂರೂ ಇದ್ದವು. ಗಂಡನ ಮನೆಯವರು ಮಾತ್ರ ಕಾರಣ ಹೇಳಿಬಿಟ್ಟರು: "ರೋಗದ ಹೆಣ್ಣ ಕೊಟ್ಟು ಮೋಸ ಮಾಡ್ಯಾರ." ಹೊಡೆತ ಶುರುವಾದದ್ದು ಅಲ್ಲಿಂದ. ಮೋಸಕ್ಕೆ ದಂಡವೆಂದು ಮತ್ತೆ ರೊಕ್ಕ ಕೇಳಿದ್ದೂ ಅಲ್ಲಿಂದಲೇ.

ಸಣ್ಣ ವಯಸ್ಸಿನ ಸೊಸೆಗೆ ಗಂಡನ ಮನೆಯಲ್ಲಿ ಮೊದಲ ವರ್ಷವೆಂದರೆ ಪರೀಕ್ಷೆಯ ವರ್ಷ. ಬಸುರಾಗಿ ತೋರಿಸಬೇಕು. "ಎರಡು ವರ್ಷ ತಡೆಯೋಣ, ಗುಳಿಗೆ ಕೊಡ್ರಿ" ಎಂದು ನನ್ನ ಹತ್ತಿರ ತಾನಾಗಿ ಬಂದು ಕೇಳಿದ ಹದಿಹರೆಯದ ಸೊಸೆಯರನ್ನು ನಾನು ಒಂದು ಕೈಯ ಬೆರಳಿನಲ್ಲಿ ಎಣಿಸಬಲ್ಲೆ. ಒಬ್ಬಳಂತೂ ಮಾಲಾ-ಎನ್ ಹಾಳೆಯನ್ನು ಜೋಳದ ಡಬ್ಬಿಯಲ್ಲಿ ಹುಗಿದಿಟ್ಟಿದ್ದಳು. ಸಿಕ್ಕಿತು. "ಯಾರ ಸಲುವಾಗಿ ನುಂಗ್ತಿ?" ಎಂದು ಗಂಡ ಕೈ ಮುರಿದ. ದವಾಖಾನೆಯ ಪುಸ್ತಕದಲ್ಲಿ ಅದು "ಜಾರಿ ಬಿದ್ದು" ಎಂದಾಯಿತು.

ಹೊಡೆತ ಅಂದರೆ ಬೆತ್ತದ ಬಾಸುಂಡೆ ಮಾತ್ರವಲ್ಲ. 2005ರ ಕೌಟುಂಬಿಕ ಹಿಂಸೆ ಕಾಯಿದೆ 2006ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಅದರಲ್ಲಿ ಲೈಂಗಿಕ ಹಿಂಸೆ, ಹೆಣ್ಣಿನ ಆರೋಗ್ಯಕ್ಕೆ ಕುತ್ತು ತರುವ ನಡತೆ, ಹುಂಡಾಕ್ಕಾಗಿ ಪೀಡಿಸುವುದು, ಎಲ್ಲವೂ ಹಿಂಸೆ ಎಂದೇ ಬರೆದಿದೆ. ಇನ್ನೊಂದು ಮಾತೂ ಇದೆ, ಅದು ನಮ್ಮ ನರ್ಸುಗಳಿಗೇ ಎಷ್ಟೋ ಜನರಿಗೆ ಗೊತ್ತಿಲ್ಲ: ಹಿಂಸೆಗೊಳಗಾದ ಹೆಣ್ಣು, ಅಥವಾ ಅವಳ ಪರವಾಗಿ ಸಂರಕ್ಷಣಾಧಿಕಾರಿ, ಕೇಳಿದರೆ ದವಾಖಾನೆಯವರು ಚಿಕಿತ್ಸೆ ಕೊಡಲೇಬೇಕು. "ಮೊದಲು ಪೊಲೀಸ್ ಠಾಣೆಗೆ ಹೋಗಿ ಬಾ" ಅನ್ನುವ ಹಾಗಿಲ್ಲ. ಹದಿನೆಂಟರೊಳಗಿನ ಹೆಂಡತಿಯ ಜೊತೆ ಗಂಡ ಕೂಡುವುದೂ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟು 2017ರ ಅಕ್ಟೋಬರ್ 11ರಂದು ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದೇ ಹದಿನೆಂಟು ಉಳಿದಿದೆ.

ಈಗ ಸರಕಾರದ ಕಡೆ ಸ್ವಲ್ಪ ತಿರುಗೋಣ. ನಾನು 1991ರಲ್ಲಿ ಕೆಲಸಕ್ಕೆ ಸೇರಿದಾಗ ನನ್ನ ಕೈಗೆ ಕೊಟ್ಟ ದೊಡ್ಡ ಪುಸ್ತಕದ ಹೆಸರು "ಅರ್ಹ ದಂಪತಿಗಳ ರಿಜಿಸ್ಟರ್". ಮದುವೆಯಾದವರು ಅದರಲ್ಲಿ ಬರುತ್ತಿದ್ದರು. ಮದುವೆಯಾಗದ ಹುಡುಗಿಗೆ ಒಂದು ಪುಟವೂ ಇರಲಿಲ್ಲ. ನಮಗೆ ಆಪರೇಷನ್ನಿನ ಗುರಿ ಇತ್ತು, ವರ್ಷಕ್ಕೆ ಇಷ್ಟು ಕೇಸು ಅಂತ. ಗುರಿ ಮುಟ್ಟದಿದ್ದರೆ ಸಭೆಯಲ್ಲಿ ಎಲ್ಲರ ಮುಂದೆ ನಿಲ್ಲಿಸಿ ಬೈಯುತ್ತಿದ್ದರು. ಎರಡು ಮಕ್ಕಳ ತಾಯಿ ನಮ್ಮ ಕಣ್ಣಿಗೆ ಕಾಣುತ್ತಿದ್ದಳು. ಹದಿನಾರರ ಹುಡುಗಿ ಯಾವ ಗುರಿಗೂ ಬರುತ್ತಿರಲಿಲ್ಲ, ಕಾಣುತ್ತಿರಲಿಲ್ಲ. 1994ರಲ್ಲಿ ಕೈರೋದಲ್ಲಿ ಜಗತ್ತಿನ ದೇಶಗಳೆಲ್ಲ ಕೂಡಿ, ಹೆಣ್ಣಿನ ಆರೋಗ್ಯವೆಂದರೆ ಮಕ್ಕಳ ಎಣಿಕೆಯಲ್ಲ ಎಂದು ಒಪ್ಪಿಕೊಂಡವು. 1996ರಲ್ಲಿ ನಮ್ಮ ದೇಶದಲ್ಲಿ ಗುರಿ ತೆಗೆದರು. ಕಾಗದದಲ್ಲಿ ತೆಗೆದರು, ಅಭ್ಯಾಸದಲ್ಲಿ ಉಳಿಯಿತು. ಇವತ್ತಿಗೂ ನಮ್ಮ ರಾಜ್ಯದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಆಪರೇಷನ್ ಎಷ್ಟು ಎಂದು ನಾನು ಹೇಳಲು ಹೋದರೆ ನೀವೇ ನಗುತ್ತೀರಿ.

ಆಮೇಲೆ ಕೆಲವು ಒಳ್ಳೆಯದೂ ಬಂದವು. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಬಂತು, ಅದರಿಂದ ಆಶಾ ಬಂದಳು. 2014ರ ಜನವರಿಯಲ್ಲಿ ಹತ್ತರಿಂದ ಹತ್ತೊಂಬತ್ತರವರೆಗಿನ ಮಕ್ಕಳಿಗಾಗಿಯೇ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಯಿತು. ಅದರ ಕೆಳಗೆ ನಡೆಯುವ ಕ್ಲಿನಿಕ್ಕಿಗೆ ನಮ್ಮ ರಾಜ್ಯದಲ್ಲಿ "ಸ್ನೇಹ ಕ್ಲಿನಿಕ್" ಎಂದು ಹೆಸರು. ಹುಡುಗಿಯ ಮಾತು ಕೇಳಿಸಿಕೊಳ್ಳಲು ಒಬ್ಬ ಆಪ್ತಸಮಾಲೋಚಕಿ ಇರಬೇಕು, ಬಾಗಿಲು ಮುಚ್ಚುವ ಕೋಣೆ ಇರಬೇಕು ಎಂಬುದು ನಿಯಮ. ಈ ಸಭೆಯಲ್ಲಿ ಕೈ ಎತ್ತಲು ಕೇಳಿದೆ, ಸ್ನೇಹ ಕ್ಲಿನಿಕ್ಕಿನ ಹೆಸರು ಕೇಳಿದವರು ಮೂವರು. ಆ ಮೂವರಲ್ಲಿ ಇಬ್ಬರು ಆಶಾಗಳು!

ಗೊತ್ತಿಲ್ಲದಿರುವುದು ಒಂದು ಕಾರಣ. ಆದರೆ ಗೊತ್ತಿದ್ದರೂ ಬರುವುದಿಲ್ಲ. ದವಾಖಾನೆ ತೆರೆಯುವ ಹೊತ್ತಿಗೆ ಹುಡುಗಿ ಶಾಲೆಯಲ್ಲಿರುತ್ತಾಳೆ, ಶಾಲೆ ಬಿಟ್ಟವಳು ಹೊಲದಲ್ಲಿರುತ್ತಾಳೆ. ಅವಳು ಮನೆಗೆ ಬರುವ ಹೊತ್ತಿಗೆ ದವಾಖಾನೆಗೆ ಬೀಗ. ತಾಂಡಾದ ಹುಡುಗಿಯರು ವರ್ಷದಲ್ಲಿ ಎಷ್ಟೋ ತಿಂಗಳು ಮುಂಬೈಯಲ್ಲೋ ಹೈದರಾಬಾದಿನಲ್ಲೋ ಇರುತ್ತಾರೆ. ಇಲ್ಲಿನ ಪಟ್ಟಿಯಲ್ಲೂ ಇಲ್ಲ, ಅಲ್ಲಿನ ಪಟ್ಟಿಯಲ್ಲೂ ಇಲ್ಲ. ಮೊದಲು ಬಸ್ಸಿನ ರೊಕ್ಕವೂ ಒಂದು ಅಡ್ಡಿ. ಅಪ್ಪನ ಹತ್ತಿರ ಕೇಳಿದರೆ ಯಾಕೆ ಎಲ್ಲಿಗೆ ಎಂದು ಹೇಳಬೇಕಿತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರಕಾರಿ ಬಸ್ಸು ನಮಗೆ ಪುಕ್ಕಟೆಯಾಯಿತು. ಇದನ್ನು ಹಗುರಾಗಿ ನೋಡಬೇಡಿ. ಗುರುತಿನವರು ಇಲ್ಲದ ಊರಿನ ದವಾಖಾನೆಗೆ ಹೋಗುವ ಸ್ವಾತಂತ್ರ್ಯ ಅದರಿಂದ ಬಂದಿದೆ. ಆದರೆ ಬಸ್ಸಿನಲ್ಲಿ ಊರಿನವರು ಇರುತ್ತಾರಲ್ಲ. "ಎಲ್ಲಿಗಿ ಹೊಂಟೀಯವ್ವ ಒಬ್ಬಾಕಿ?" ಈ ಪ್ರಶ್ನೆಗೆ ಟಿಕೆಟಿಲ್ಲ, ಉತ್ತರವೂ ಇಲ್ಲ.

ಇನ್ನು ಗುಳಿಗೆಯ ಮಾತು. ಶಾಲೆಯಲ್ಲಿ, ಅಂಗನವಾಡಿಯಲ್ಲಿ ವಾರಕ್ಕೊಂದು ನೀಲಿ ಗುಳಿಗೆ ಕೊಡುತ್ತಾರೆ. ಅದು ಕಬ್ಬಿಣದ ಗುಳಿಗೆ, ರಕ್ತಕ್ಕೆ. ಅದನ್ನು ನುಂಗಿದರೆ ಮಕ್ಕಳಾಗುವುದಿಲ್ಲ ಎಂಬ ಮಾತು ಓಣಿಯಲ್ಲಿ ಓಡಾಡುತ್ತದೆ, ಹುಡುಗಿಯರು ಬಾಯಲ್ಲಿಟ್ಟುಕೊಂಡು ಹೊರಗೆ ಬಂದು ಉಗುಳುತ್ತಾರೆ. ಬರೀ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರುತ್ತದೆ, ಮಲ ಕಪ್ಪಾಗುತ್ತದೆ, ಇಷ್ಟೇ. ಊಟವಾದ ಮೇಲೆ ನುಂಗಿಸಿ, ಮೇಲೆ ಚಹಾ ಕೊಡಬೇಡಿ, ಲಿಂಬೆಹಣ್ಣು ಹಿಂಡಿದ ನೀರು ಕೊಡಿ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ ಹದಿನೈದರಿಂದ ಹತ್ತೊಂಬತ್ತರ ನೂರು ಹುಡುಗಿಯರಲ್ಲಿ 59 ಜನಕ್ಕೆ ರಕ್ತ ಕಡಿಮೆ. ಅದೇ ಸಮೀಕ್ಷೆ ಹೇಳುವುದು, ಕರ್ನಾಟಕದಲ್ಲಿ ಇಪ್ಪತ್ತರಿಂದ ಇಪ್ಪತ್ತನಾಲ್ಕರ ನೂರು ಹೆಂಗಸರಲ್ಲಿ 21 ಜನರ ಲಗ್ನ ಹದಿನೆಂಟರೊಳಗೇ ಆಗಿತ್ತು. ಇವೆರಡು ಎಣಿಕೆ ಒಂದೇ ಹುಡುಗಿಯ ಮೈಯಲ್ಲಿ ಕೂಡಿದಾಗ ಏನಾಗುತ್ತದೆಂದು ಆಗಲೇ ಹೇಳಿದೆ.

ಬಿಳಿ ಹೋಗುವುದರ ಬಗ್ಗೆಯೂ ಎರಡು ಮಾತು ಹೇಳಿಬಿಡುತ್ತೇನೆ, ನಾಚಬೇಡಿ. ವಾಸನೆ, ತುರಿಕೆ, ಉರಿ ಇಲ್ಲದೆ ತಿಳಿಯಾಗಿ ಒಂದಿಷ್ಟು ಹೋಗುವುದು ರೋಗವಲ್ಲ. ಮೈಯ ಸಹಜ ಧರ್ಮ. ಕೆಟ್ಟ ವಾಸನೆ, ಮೊಸರಿನಂತೆ ಗಟ್ಟಿ, ಹಸಿರು-ಹಳದಿ ಬಣ್ಣ, ತುರಿಕೆ, ಕಿಬ್ಬೊಟ್ಟೆ ನೋವು ಇದ್ದರೆ ಸೋಂಕು. ಅದು ಮದುವೆಯಾಗದ, ಗಂಡಸಿನ ಸಂಗವೇ ಇಲ್ಲದ ಹುಡುಗಿಗೂ ಬರಬಹುದು. ಬಹಳ ಸಲ ಕೆಲವು ದಿನದ ಔಷಧಿಗೆ ವಾಸಿಯಾಗುತ್ತದೆ. 2004ರ ಆ ದಿನ ನಾನು ಕೊಡಬೇಕಾಗಿದ್ದದ್ದು ಅಷ್ಟೇ.

ಕೊಡದಿದ್ದರಿಂದ ಅದು ಎಲ್ಲಿಗೆ ಹೋಯಿತು? ಅವಳಿಗೆ 2009ರಲ್ಲಿ ಒಂದು ಹೆಣ್ಣು ಕೂಸು ಹುಟ್ಟಿ ಉಳಿಯಿತು. ಹೊಟ್ಟೆನೋವು, ಬಿಳಿ ಹೋಗುವುದು ನಿಲ್ಲಲಿಲ್ಲ. 2014ರಲ್ಲಿ ಗಂಡ ಒಂದು ಖಾಸಗಿ ಆಸ್ಪತ್ರೆಗೆ ಕರೆದೊಯ್ದ. ಸ್ಕ್ಯಾನ್ ಮಾಡಿ, "ಗರ್ಭಚೀಲ ತೆಗೀಬೇಕು, ಇಲ್ಲಂದ್ರ ಕ್ಯಾನ್ಸರ್ ಆಗ್ತದ" ಅಂದರು. ಅವಳಿಗೆ ಇಪ್ಪತ್ತಾರು. ತೆಗೆದರು. ಮೂವತ್ತರೊಳಗೇ ಮೈ ಬಿಸಿಯಾಗುವುದು, ಸೊಂಟ ಹಿಡಿಯುವುದು, ಎಲುಬಿನ ನೋವು. ಗಂಡ "ಪೊಳ್ಳ ಹೆಂಗಸು" ಎಂದು ಎರಡನೆಯ ಲಗ್ನದ ಮಾತು ತೆಗೆದ.

ಅವಳೊಬ್ಬಳದೇ ಕಥೆಯಲ್ಲ ಇದು. 2015ರಲ್ಲಿ ಕಲಬುರಗಿ ಜಿಲ್ಲೆಯ ಗರ್ಭಕೋಶ ತೆಗೆಯುವ ಆಪರೇಷನ್ನುಗಳ ಹಗರಣ ಬಯಲಿಗೆ ಬಂದದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. ಅದರಲ್ಲಿ ಹೆಚ್ಚಿನವರು ಲಂಬಾಣಿ ಮತ್ತು ದಲಿತ ಹೆಂಗಸರು, ಅನೇಕರಿಗೆ ನಲವತ್ತೂ ಆಗಿರಲಿಲ್ಲ. ಬೇನೆಯೆಂದು ಹೋದದ್ದು ಹೊಟ್ಟೆನೋವಿಗೆ, ಬಿಳಿ ಹೋಗುವುದಕ್ಕೆ. ಕರ್ನಾಟಕ ಜನಾರೋಗ್ಯ ಚಳವಳಿಯವರು ಊರೂರು ತಿರುಗಿ ಹೆಂಗಸರ ಹೇಳಿಕೆ ಪಡೆದರು, ಆರೋಗ್ಯ ಇಲಾಖೆಯ ತನಿಖೆ ನಡೆಯಿತು, ಹೆಂಗಸರು ಬೀದಿಗಿಳಿದು ನ್ಯಾಯ ಕೇಳಿದರು. ಆಸ್ಪತ್ರೆಗಳ ಲೋಭ ಅಲ್ಲಿದ್ದದ್ದು ನಿಜ. ಆದರೆ ನಾನು ಆ ಹೆಂಗಸರಲ್ಲಿ ಕೆಲವರನ್ನು ಮಾತಾಡಿಸಿದಾಗ ಒಂದು ಪ್ರಶ್ನೆ ಕೇಳುತ್ತಿದ್ದೆ: "ಈ ಬ್ಯಾನಿ ನಿಮಗ ಯಾವಾಗಿಂದ?" ಬಂದ ಉತ್ತರ ಮತ್ತೆ ಮತ್ತೆ ಒಂದೇ: "ಸಣ್ಣಾಕಿ ಇದ್ದಾಗಿಂದನೇ ಇತ್ರಿ, ಯಾರ ಮುಂದನೂ ಹೇಳಿರಲಿಲ್ಲ." ಹತ್ತು ವರ್ಷ ಮುಚ್ಚಿಟ್ಟ ಬೇನೆ ಆ ಲೋಭದ ಕೈಗೆ ಸಿಕ್ಕಿತು.

ಈಗ ಬಹಳ ತೊಡಕಿನ ಒಂದು ವಿಷಯಕ್ಕೆ ಬರುತ್ತೇನೆ. ಇದರ ಬಗ್ಗೆ ನಮ್ಮ ಸಂಘಟನೆಯೊಳಗೇ ಒಮ್ಮತವಿಲ್ಲ.

ಬಾಲ್ಯವಿವಾಹದ ವಿರುದ್ಧ ಕಾಯಿದೆ ಬೇಕೆಂದು ಹೋರಾಡಿದವರು ನಾವು. ಮೈಸೂರು ಸಂಸ್ಥಾನ 1894ರಲ್ಲೇ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಲಗ್ನ ನಿಷೇಧಿಸಿತ್ತು. ನಮ್ಮದು ಆಗ ನಿಜಾಮರ ಸೀಮೆ, ಆ ಕಾಯಿದೆ ಇಲ್ಲಿಗೆ ಬರುವಂತಿರಲಿಲ್ಲ. 1929ರ ಶಾರದಾ ಕಾಯಿದೆ ಹದಿನಾಲ್ಕು ಅಂದಿತು, 1978ರಲ್ಲಿ ಹದಿನೆಂಟಾಯಿತು. 2006ರಲ್ಲಿ ಹೊಸ ಕಾಯಿದೆ. ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ 2011ರಲ್ಲಿ ವರದಿ ಕೊಟ್ಟ ನಂತರ, ಕರ್ನಾಟಕದ 2016ರ ತಿದ್ದುಪಡಿಯಿಂದ ಇಂಥ ಲಗ್ನ ಮೊದಲಿನಿಂದಲೇ ಅಸಿಂಧು. 2012ರ ಪೋಕ್ಸೋ ಕಾಯಿದೆ ಪ್ರಕಾರ ಹದಿನೆಂಟರೊಳಗಿನ ಹುಡುಗಿ ಬಸುರಾಗಿ ಬಂದರೆ ಡಾಕ್ಟರು, ನರ್ಸು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅವರಿಗೇ ಶಿಕ್ಷೆ.

ಇವೆಲ್ಲ ಬೇಕಾದವೇ. ಹುಡುಗಿಯನ್ನು ಕೆಡಿಸಿದ ಸೋದರಮಾವನೋ ಮಾಸ್ತರನೋ ತಪ್ಪಿಸಿಕೊಳ್ಳಬಾರದು. ಆದರೆ ಇನ್ನೊಂದು ಕಡೆ ನಾನು ಕಣ್ಣಾರೆ ಕಂಡದ್ದು ಇದು: ಹದಿನೇಳರ ಬಸುರಿ ಸೊಸೆಯನ್ನು, ಕೇಸಾಗುತ್ತದೆಂದು ಹೆದರಿ, ಮನೆಯಲ್ಲೇ ಹೆರಿಗೆ ಮಾಡಿಸಿದರು. ರಕ್ತ ನಿಲ್ಲದೆ ಕೊನೆಗೆ ಹಾಸಿಗೆ ಸಮೇತ ಜೀಪಿನಲ್ಲಿ ಹಾಕಿಕೊಂಡು ಬಂದರು. ಲಗ್ನವಾಗದ ಹುಡುಗಿಯಾದರೆ ಮೆಡಿಕಲ್ ಅಂಗಡಿಯಿಂದ ಚೀಟಿಯಿಲ್ಲದೆ ಗುಳಿಗೆ ತಂದು ನುಂಗಿಸುತ್ತಾರೆ. ಎಷ್ಟು ತಿಂಗಳೆಂದು ನೋಡದೆ, ಬಸುರು ನಳಿಕೆಯಲ್ಲಿ ನಿಂತಿದೆಯೋ ಎಂದು ನೋಡದೆ ನುಂಗಿದ ಆ ಗುಳಿಗೆ ಜೀವ ತೆಗೆಯಬಲ್ಲದು. ಕಾಯಿದೆ ಹುಡುಗಿಯನ್ನು ಕಾಯಲು ಬಂದದ್ದು, ಹುಡುಗಿಯೇ ಅದಕ್ಕೆ ಅಡಗಿಕೊಳ್ಳುವ ಹಾಗಾಗಿದೆ. ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪದವರು ಆಮೇಲೆ ಜಗಳಾಡಿ. ಲಗ್ನ ನಿಲ್ಲಿಸುವುದು ಅಕ್ಷತೆಗೆ ಮೊದಲು. ಬಸುರಿಯಾಗಿ ದವಾಖಾನೆಯ ಮೆಟ್ಟಿಲಲ್ಲಿ ನಿಂತವಳನ್ನು ಮೊದಲು ಒಳಗೆ ಕರೆಯಬೇಕು, ಉಳಿದದ್ದು ಆಮೇಲೆ.

ಇದರಲ್ಲಿ ಒಂದು ಬಾಗಿಲು ತೆರೆದಿದೆ, ಅದನ್ನು ಪ್ರತಿಯೊಬ್ಬರೂ ನೆನಪಿಟ್ಟುಕೊಳ್ಳಿ. ಗರ್ಭಪಾತ ನಮ್ಮ ದೇಶದಲ್ಲಿ 1971ರ ಕಾಯಿದೆಯಿಂದಲೇ ಷರತ್ತಿನೊಳಗೆ ಕಾನೂನುಬದ್ಧ. 2021ರ ತಿದ್ದುಪಡಿಯಂತೆ ಇಪ್ಪತ್ತು ವಾರದವರೆಗೆ ಒಬ್ಬ ಡಾಕ್ಟರರ ಅಭಿಪ್ರಾಯ ಸಾಕು. ಹದಿನೆಂಟರೊಳಗಿನವರಿಗೆ, ಅತ್ಯಾಚಾರಕ್ಕೊಳಗಾದವರಿಗೆ, ಇನ್ನು ಕೆಲವರಿಗೆ ಇಬ್ಬರು ಡಾಕ್ಟರರ ಅಭಿಪ್ರಾಯದ ಮೇಲೆ ಇಪ್ಪತ್ತನಾಲ್ಕು ವಾರದವರೆಗೆ ಅವಕಾಶವಿದೆ. ಹದಿನೆಂಟು ತುಂಬಿದವಳಿಗೆ ಅವಳದೇ ಒಪ್ಪಿಗೆ ಸಾಕು, ಗಂಡನ ಸಹಿ, ಅತ್ತೆಯ ಸಹಿ ಬೇಕಿಲ್ಲ. ತುಂಬದವಳಿಗೆ ಪೋಷಕರ ಒಪ್ಪಿಗೆ ಬೇಕು. ಹೆಸರು ಬಯಲು ಮಾಡಿದವರಿಗೆ ಜೈಲು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು ಎರಡು ಮಾತು ಹೇಳಿತು. ಮದುವೆಯಾಗದವಳಿಗೂ ಮದುವೆಯಾದವಳಷ್ಟೇ ಹಕ್ಕು. ಮತ್ತು ಗರ್ಭಪಾತಕ್ಕೆ ಬಂದ ಹದಿನೆಂಟರೊಳಗಿನ ಹುಡುಗಿ ಹಾಗೂ ಪೋಷಕರು ಬಯಸಿದರೆ, ಡಾಕ್ಟರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಹೇಳಬೇಕಾಗಿಲ್ಲ. ಈ ಎರಡನೆಯ ಮಾತು ನಮ್ಮ ಕಡೆಯ ಎಷ್ಟು ದವಾಖಾನೆಗಳಿಗೆ ಮುಟ್ಟಿದೆ? ನಾನು ಕೇಳಿದ ಕಡೆಯಲ್ಲೆಲ್ಲ "ಆರ್ಡರ್ ಬಂದಿಲ್ಲ" ಎಂದರು. ಕೋರ್ಟಿನ ಮಾತಿಗೆ ಆರ್ಡರಿನ ಕಾಗದ ಬೇಕಂತೆ. ಅದನ್ನು ಬರೆದುಕೊಂಡು ಹೋಗಿ ಡಾಕ್ಟರರ ಟೇಬಲ್ಲಿನ ಮೇಲೆ ಇಡುವುದು ಸಂಘದ ಕೆಲಸ.

ಸಂಘದ ಮಾತು ಬಂತಲ್ಲ. ನಿನ್ನೆ ರಾತ್ರಿ ಒಂದು ಸಂಘದ ಸಾಲದ ಪುಸ್ತಕ ನೋಡುತ್ತಿದ್ದೆ. ಎಮ್ಮೆಗೆ, ಹೊಲಿಗೆ ಯಂತ್ರಕ್ಕೆ, ಬೀಜ-ಗೊಬ್ಬರಕ್ಕೆ. ನಡುನಡುವೆ "ಮಗಳ ಲಗ್ನಕ್ಕೆ". ಆ ಮಗಳ ವಯಸ್ಸು ಎಷ್ಟು ಎಂದು ನಾನು ಕೇಳಿದೆ. ಅಧ್ಯಕ್ಷೆ ಸುಮ್ಮನಾದರು. ಹುಂಡಾ ನಿಲ್ಲಿಸಿ ಎಂದು ಫಲಕ ಹಿಡಿದು ಮೆರವಣಿಗೆ ಹೋದ ಕೈಯೇ ಅದೇ ಹುಂಡಾಕ್ಕೆ ನೂರಕ್ಕೆ ಎರಡರ ಬಡ್ಡಿಯಲ್ಲಿ ಸಾಲ ಕೊಟ್ಟಿದೆ. ನಾನು ಯಾರನ್ನೂ ಕಟಕಟೆಗೆ ನಿಲ್ಲಿಸುತ್ತಿಲ್ಲ. ನಾನು ಹತ್ತೊಂಬತ್ತು ಬರೆದವಳು. ಆದರೆ ಲಗ್ನದ ಸಾಲ ಕೇಳಿದಾಗ ಶಾಲೆಯ ದಾಖಲೆ ತೋರಿಸು ಎನ್ನುವುದು ನಮ್ಮ ಕೈಯಲ್ಲಿದೆ. ತೋರಿಸದಿದ್ದರೆ ಪಂಚಾಯತಿಯ ಅಭಿವೃದ್ಧಿ ಅಧಿಕಾರಿಗೆ ಹೇಳಿ, ಬಾಲ್ಯವಿವಾಹ ತಡೆಯುವ ಅಧಿಕಾರ ಅವರಿಗೆ ಇದೆ. 1098ಕ್ಕೆ ಫೋನು ಮಾಡಿದವರ ಹೆಸರು ಯಾರಿಗೂ ಗೊತ್ತಾಗುವುದಿಲ್ಲ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ವರ್ಷಕ್ಕೆ ಹತ್ತು ಸಾವಿರ ರೂಪಾಯಿವರೆಗೆ ಹಣ ಕೊಡುವ ವ್ಯವಸ್ಥೆ ಇದೆ. ಅದರ ಲೆಕ್ಕ ಕೇಳಿ. ಉಪಕೇಂದ್ರದ ಕೋಣೆಗೆ ಒಂದು ಪರದೆ ಹಾಕಲು ಎಷ್ಟು ಬೇಕು?

ಕಳೆದ ಶ್ರಾವಣದಲ್ಲಿ ಅದೇ ಹೆಂಗಸು ನನ್ನ ಮನೆಗೆ ಬಂದಳು. ಅವಳ ಮಗಳಿಗೆ ಈಗ ಹದಿನಾರು. ಮುಟ್ಟು ಬಂದರೆ ಹತ್ತು ದಿನ ನಿಲ್ಲುವುದಿಲ್ಲ, ಹುಡುಗಿ ಸುಸ್ತಾಗಿ ಶಾಲೆ ಬಿಡುತ್ತಿದ್ದಾಳೆ. "ಅಕ್ಕಾ, ನೀವು ಜೋಡಿಲೇ ಬರ್ರಿ" ಅಂದಳು. ಮೂವರೂ ಬಸ್ಸು ಹತ್ತಿದೆವು. "ಎಲ್ಲಿಗಿ?" ಎಂದು ಕೇಳಿದವರಿಗೆ ನಾನು "ನನ್ನ ಮೊಣಕಾಲ್ ತೋರಿಸಾಕ" ಅಂದೆ. ವಯಸ್ಸಾದ ಹೆಂಗಸಿನ ಮೊಣಕಾಲಿಗೆ ಇರುವಷ್ಟು ಮರ್ಯಾದೆ ನಮ್ಮಲ್ಲಿ ಇನ್ನಾವುದಕ್ಕೂ ಇಲ್ಲ.

ದವಾಖಾನೆಯ ಸಮಾಲೋಚಕಿ ಹುಡುಗಿಯನ್ನು ಒಳಗೆ ಕರೆದು, ನಮ್ಮಿಬ್ಬರನ್ನೂ ಹೊರಗೆ ಕೂತಿರಿ ಅಂದಳು. ಬಾಗಿಲು ಮುಚ್ಚಿತು. ತಾಯಿಗೆ ತಡೆಯಲಾಗಲಿಲ್ಲ. "ನನ್ನ ಮುಂದ ಹೇಳಬಾರದಂಥಾದ್ದು ಏನದ ಅಕ್ಕಾ?" ಎಂದು ಎರಡು ಸಲ ಎದ್ದು ಬಾಗಿಲ ತನಕ ಹೋದಳು. ಎರಡು ಸಲವೂ ತಾನೇ ವಾಪಸು ಬಂದು ಕೂತಳು. ಇಪ್ಪತ್ತು ನಿಮಿಷ. ಹುಡುಗಿ ಕೈಯಲ್ಲಿ ರ‍ಕ್ತಪರೀಕ್ಷೆಯ ಚೀಟಿ ಹಿಡಿದು ಹೊರಗೆ ಬಂದಳು. ಒಳಗೆ ಏನು ಮಾತಾಯಿತೆಂದು ತಾಯಿ ಕೇಳಲಿಲ್ಲ. ದಾರಿಯಲ್ಲಿ ಹುಡುಗಿಯೇ ಅರ್ಧ ಹೇಳಿದಳು. ಚಿಕಿತ್ಸೆ ನಡೆದಿದೆ, ಹುಡುಗಿ ಮತ್ತೆ ಶಾಲೆಗೆ ಹೋಗುತ್ತಿದ್ದಾಳೆ.

ಎಲ್ಲ ದವಾಖಾನೆಯಲ್ಲೂ ಆ ಬಾಗಿಲು ಇಲ್ಲ. ಇಲ್ಲದ ಕಡೆ ಕೇಳಬೇಕು, ಅದಕ್ಕೆ ಹತ್ತು ಜನ ಒಟ್ಟಿಗೆ ಹೋಗಬೇಕು. ಆದರೆ ಹುಡುಗಿಯ ಜೊತೆ ಬಸ್ಸು ಹತ್ತಲು ಒಬ್ಬ ಹೆಂಗಸು ಸಾಕು. ಬಾಗಿಲ ಹತ್ತಿರ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ನಿಮ್ಮ ಓಣಿಯ ಹುಡುಗಿಯರ ಜೊತೆ ಹೋಗಬಲ್ಲವರು, ಹೋಗಿ ಬಂದು ಬಾಯಿ ಮುಚ್ಚಿಕೊಂಡಿರಬಲ್ಲವರು, ಹೆಸರು ಬರೆಯಿರಿ. ಬರೆಯಲು ಬಾರದವರು ನನಗೆ ಹೇಳಿ, ನಾನು ಬರೆಯುತ್ತೇನೆ. ಊಟ ಆಮೇಲೆ.